ಚೀಟಿ ಬಿಸಾಡಬೇಡಿ: ತಪ್ಪು ಔಷಧಿಯಿಂದ ಹಾನಿಯಾದರೆ ಪರಿಹಾರ ಕೇಳೋದು ಹೇಗೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬಂದವರಿಗೆಲ್ಲ ಒಂದು ದಾರಿ ಗೊತ್ತು. ಊರಲ್ಲಿ ಜ್ವರ ಬಂದರೆ ಮೊದಲು ಓಣಿಯ ‘ಆರ್‌ಎಂಪಿ’ ಹತ್ರ ಒಂದು ಸೂಜಿ. ಕಡಿಮೆ ಆಗಲಿಲ್ಲ ಅಂದ್ರೆ ಸೇಡಂ ದವಾಖಾನೆ. ಆಮೇಲೆ ಕಲಬುರಗಿ. ಅದೂ ಆಗದಿದ್ದರೆ ರೈಲು ಹತ್ತಿ ತಾಂಡೂರು ದಾಟಿ ಹೈದರಾಬಾದ್. ಪ್ರತಿ ನಿಲ್ದಾಣದಲ್ಲೂ ಹೊಸ ಡಾಕ್ಟರು, ಹೊಸ ಚೀಟಿ, ಹೊಸ ಗುಳಿಗೆ.

ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ತಪ್ಪು ಔಷಧಿ ಬರೆದು, ಅದರಿಂದ ಕಿಡ್ನಿ ಹೋದರೆ, ಕಿವಿ ಹೋದರೆ, ಜೀವವೇ ಹೋದರೆ? ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ. ಒಂದು, “ಹಣೆಬರಹ, ಏನ್ ಮಾಡಾಕಾಗ್ತದ”. ಇನ್ನೊಂದು, ಸಿಟ್ಟಿನಲ್ಲಿ ಹೋಗಿ ದವಾಖಾನೆಯ ಗಾಜು ಒಡೆಯೋದು. ಮೊದಲನೆಯದರಿಂದ ಏನೂ ಸಿಗಲ್ಲ. ಎರಡನೆಯದರಿಂದ ನಮ್ಮ ಮೇಲೇ ಕೇಸು ಬೀಳುತ್ತೆ, ಅದಕ್ಕಂತಲೇ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಮೂರನೇ ದಾರಿಯೂ ಒಂದಿದೆ: ಪರಿಹಾರ ಕೇಳೋದು. ಅದಕ್ಕೆ ಬೇಕಾಗಿರೋದು ಸಿಟ್ಟಲ್ಲ, ಕಾಗದ. ಈ ಲೇಖನದಲ್ಲಿ ಆ ದಾರಿಯನ್ನು ಹಂತ ಹಂತವಾಗಿ ನೋಡೋಣ.

ದಂಡ ಬೇರೆ, ಪರಿಹಾರ ಬೇರೆ

ಈ ವಿಷಯ ನಮ್ಮ ಭಾಗಕ್ಕೆ ಹೊಸದೇನಲ್ಲ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಶಹಾಬಾದ್ ಹತ್ತಿರದ ಮರತೂರು ಅವನ ಊರು ಅಂತ ನಮ್ಮ ಕಡೆ ಹೇಳ್ತಾರೆ. ಅವನು ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯಲ್ಲಿ ತಪ್ಪು ಚಿಕಿತ್ಸೆ ಕೊಡುವ ವೈದ್ಯನಿಗೆ ದಂಡ ಇದೆ. ರೋಗಿ ಪ್ರಾಣಿಯಾದರೆ ಕಡಿಮೆ ದಂಡ, ಸಾಮಾನ್ಯ ಮನುಷ್ಯನಾದರೆ ಮಧ್ಯಮ, ರಾಜನ ಕಡೆಯವನಾದರೆ ಅತಿ ಹೆಚ್ಚು.

ಗಮನಿಸಿ, ಅದು ದಂಡ. ದಂಡ ಹೋಗೋದು ಅರಸನ ಖಜಾನೆಗೆ. ಹಾಸಿಗೆ ಹಿಡಿದವನ ಮನೆಗೆ ಅದರಿಂದ ಏನು ಬಂತು? ಇವತ್ತಿನ ಕಾನೂನಿನಲ್ಲೂ ಈ ಎರಡು ದಾರಿ ಬೇರೆ ಬೇರೆಯಾಗಿಯೇ ಇವೆ. ಪೊಲೀಸ್ ಕೇಸು ಶಿಕ್ಷೆಗೆ. ಅಲ್ಲಿ ಸಣ್ಣ ತಪ್ಪು ಸಾಲದು, ಘೋರ ನಿರ್ಲಕ್ಷ್ಯ ಇರಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರೆ ಡಾಕ್ಟರ ನೋಂದಣಿ ಮೇಲೆ ಕ್ರಮ ಆಗಬಹುದು, ಆದರೆ ನಮಗೆ ದುಡ್ಡು ಬರಲ್ಲ. ಪರಿಹಾರದ ಮುಖ್ಯ ಬಾಗಿಲು ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಒಂದು ‘ಸೇವೆ’ ಅಂತ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಈ ಬಾಗಿಲು ತೆರೆಯಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅದು ಮುಚ್ಚಿಲ್ಲ.

ಅಡ್ಡಪರಿಣಾಮ ಎಲ್ಲಾ ತಪ್ಪಲ್ಲ

ಗುಳಿಗೆ ತಗೊಂಡೆ, ತೊಂದರೆ ಆಯ್ತು, ಹಾಗಾಗಿ ಡಾಕ್ಟರದ್ದೇ ತಪ್ಪು. ಈ ಲೆಕ್ಕ ಕೋರ್ಟಿನಲ್ಲಿ ನಿಲ್ಲಲ್ಲ. ಮೂರು ಕೊಂಡಿ ಜೋಡಿಸಬೇಕು. ಒಂದು, ಡಾಕ್ಟರು ನಮ್ಮನ್ನು ರೋಗಿ ಅಂತ ಒಪ್ಪಿಕೊಂಡು ಚಿಕಿತ್ಸೆ ಕೊಟ್ಟಿದ್ದಾರೆ. ಎರಡು, ಅದೇ ವಿಷಯ ಬಲ್ಲ ಒಬ್ಬ ಸಾಧಾರಣ ಡಾಕ್ಟರು ವಹಿಸೋ ಎಚ್ಚರಿಕೆಯನ್ನು ಇವರು ವಹಿಸಿಲ್ಲ. ಮೂರು, ಹಾನಿ ಆಗಿರೋದು ಆ ಕಾರಣದಿಂದಲೇ. ಸೀರೀಸ್ ಸರ್ಕ್ಯೂಟ್ ಇದ್ದ ಹಾಗೆ, ಒಂದು ಕೊಂಡಿ ಕಡಿದರೂ ಬಲ್ಬ್ ಹತ್ತಲ್ಲ.

ಮಾರ್ಟಿನ್ ಡಿಸೋಜಾ ಪ್ರಕರಣ ಇದಕ್ಕೆ ಒಳ್ಳೆ ಉದಾಹರಣೆ. ಮುಂಬೈಯಲ್ಲಿ ಕಿಡ್ನಿ ವಿಫಲವಾಗಿದ್ದ ಒಬ್ಬ ರೋಗಿಗೆ ತೀವ್ರ ಸೋಂಕು ಇತ್ತು. ಅಮಿಕಾಸಿನ್ ಇಂಜೆಕ್ಷನ್ ಕೊಟ್ಟರು. ಅವರ ಕಿವಿ ಕೇಳದಾಯಿತು. ರಾಷ್ಟ್ರೀಯ ಆಯೋಗ 4 ಲಕ್ಷ ರೂಪಾಯಿ ಪರಿಹಾರ ಕೊಡಿಸಿತ್ತು. ಆದರೆ 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಜೀವವೇ ಅಪಾಯದಲ್ಲಿತ್ತು, ಆ ಔಷಧಿಯ ಅಪಾಯ ಗೊತ್ತಿದ್ದೂ ಜೀವ ಉಳಿಸೋಕೆ ಕೊಟ್ಟರು, ಅದು ನಿರ್ಲಕ್ಷ್ಯ ಅಲ್ಲ ಅಂದಿತು. ಇಲ್ಲಿ ಹಾನಿ ನಿಜ, ಆದರೆ ಎರಡನೇ ಕೊಂಡಿ ಇರಲಿಲ್ಲ.

ಡೋಸ್ ತಪ್ಪಿದಾಗ

ಈಗ ಮೂರೂ ಕೊಂಡಿ ಜೋಡಿಸಿದ ಪ್ರಕರಣ. ಅಮೆರಿಕದಲ್ಲಿದ್ದ ಡಾ. ಕುನಾಲ್ ಸಾಹಾ ಮತ್ತು ಅವರ ಹೆಂಡತಿ ಅನುರಾಧಾ 1998ರ ಬೇಸಿಗೆಯಲ್ಲಿ ಕೋಲ್ಕತಾಕ್ಕೆ ಬಂದಿದ್ದರು. ಅನುರಾಧಾಗೆ ಮೈಮೇಲೆ ಗಂಧೆ ಎದ್ದಿತು. ಅಲ್ಲಿನ ಒಬ್ಬ ಹೆಸರಾಂತ ವೈದ್ಯರು ಡೆಪೊಮೆಡ್ರಾಲ್ ಅನ್ನೋ ಸ್ಟೀರಾಯ್ಡ್ ಇಂಜೆಕ್ಷನ್ ಬರೆದರು: 80 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಮೂರು ದಿನ.

‘ಡೆಪೊ’ ಅಂದರೆ ಗೋದಾಮು. ಈ ಔಷಧಿ ದೇಹದಲ್ಲಿ ಕೂತು ನಿಧಾನವಾಗಿ ಬಿಡುಗಡೆಯಾಗುತ್ತೆ, ಅದಕ್ಕೇ ಒಂದು ಡೋಸ್‌ಗೂ ಇನ್ನೊಂದಕ್ಕೂ ನಡುವೆ ಒಂದೆರಡು ವಾರಗಳ ಅಂತರ ಇರಬೇಕು. ಡಿಸ್ಚಾರ್ಜ್ ಆಗೋಕೆ ಮೊದಲೇ ಕೆಪಾಸಿಟರ್ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಏನಾಗುತ್ತೆ ಅಂತ ನಮಗೆ ಗೊತ್ತೇ ಇದೆ. ಅನುರಾಧಾ ಸ್ಥಿತಿ ಕೆಟ್ಟಿತು. ಆಮ್ರಿ ಆಸ್ಪತ್ರೆಗೆ ಸೇರಿಸಿ, ನಂತರ ಮುಂಬೈಗೆ ಒಯ್ದರು. ಚರ್ಮ ಸುಲಿದು ಬರುವ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್ ಅನ್ನೋ ಕಾಯಿಲೆಯಿಂದ 1998ರ ಮೇ 28ರಂದು ಅವರು ತೀರಿಕೊಂಡರು.

2009ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಆರೋಪದಿಂದ ವೈದ್ಯರನ್ನು ಬಿಟ್ಟಿತು, ಆದರೆ ನಿರ್ಲಕ್ಷ್ಯ ನಿಜ, ಪರಿಹಾರ ಕೊಡಲೇಬೇಕು ಅಂದಿತು. 2013ರ ಅಕ್ಟೋಬರ್ 24ರಂದು ಸುಮಾರು 5.96 ಕೋಟಿ ರೂಪಾಯಿ, ಜೊತೆಗೆ ಶೇ. 6 ಬಡ್ಡಿ ಕೊಡಲು ಆದೇಶ ಬಂತು. ಹದಿನೈದು ವರ್ಷದ ಹೋರಾಟ ಅದು. ಗೆದ್ದದ್ದು ಹೇಗೆ? ಚೀಟಿ ಇತ್ತು. ಅದರ ಮೇಲೆ ಔಷಧಿ ಹೆಸರು, ಡೋಸ್, ಎಷ್ಟು ಸಲ, ಎಲ್ಲ ಬರೆದಿತ್ತು. ಔಷಧಿ ಕಂಪನಿಯೇ ಮುದ್ರಿಸಿದ ಸೂಚನೆಯ ಪಕ್ಕ ಅದನ್ನಿಟ್ಟು ಹೋಲಿಸಲು ಸಾಧ್ಯವಾಯಿತು.

ನಮ್ಮ ದಾರಿಯ ಎರಡು ಪ್ರಕರಣ

ಕೋಲ್ಕತಾ ದೂರ ಅನ್ನಿಸಿದರೆ ಹೈದರಾಬಾದಿಗೆ ಬರೋಣ. 2002ರಲ್ಲಿ ಅಲ್ಲಿನ ಮಲೇರಿಯಾ ಇಲಾಖೆಯ ಅಧಿಕಾರಿಯೊಬ್ಬರ ಹೆಂಡತಿಗೆ ಚಳಿಜ್ವರ ಬಂತು. ಖಾಸಗಿ ಆಸ್ಪತ್ರೆಯಲ್ಲಿ ಟೈಫಾಯ್ಡ್‌ಗೆ ಔಷಧಿ ಕೊಟ್ಟರು. ಇನ್ನೊಂದು ಆಸ್ಪತ್ರೆಗೆ ಸಾಗಿಸುವಾಗ ಸ್ಥಿತಿ ಕೈಮೀರಿತ್ತು. ಅಲ್ಲಿನ ಪರೀಕ್ಷೆಯಲ್ಲಿ ಟೈಫಾಯ್ಡ್ ಇಲ್ಲ, ಮಲೇರಿಯಾ ಇದೆ ಅಂತ ಬಂತು. ಅವರು ಬದುಕಲಿಲ್ಲ. ಜಿಲ್ಲಾ ವೇದಿಕೆ 2 ಲಕ್ಷ ಕೊಡಿಸಿತು. ಪರಿಣತರ ಅಭಿಪ್ರಾಯ ಇಲ್ಲ ಅಂತ ಮೇಲಿನ ಆಯೋಗಗಳು ಅದನ್ನು ತಳ್ಳಿಹಾಕಿದವು. 2010ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆಯ ಆದೇಶವನ್ನೇ ಎತ್ತಿಹಿಡಿಯಿತು. ವಿ. ಕಿಶನ್ ರಾವ್ ಪ್ರಕರಣ ಅಂತ ಇದಕ್ಕೆ ಹೆಸರು. ಪ್ರತಿ ಕೇಸಿಗೂ ಪರಿಣತ ವೈದ್ಯರ ಸಾಕ್ಷಿ ಕಡ್ಡಾಯ ಅಲ್ಲ, ತಪ್ಪು ಎದ್ದು ಕಾಣುವಾಗ ಅದೇ ಮಾತಾಡುತ್ತೆ ಅನ್ನೋದು ಇದರ ಪಾಠ. ಇಲ್ಲಿ ಮಾತಾಡಿದ್ದು ಎರಡನೇ ಆಸ್ಪತ್ರೆಯ ಲ್ಯಾಬ್ ರಿಪೋರ್ಟ್.

ಇನ್ನೊಂದು ನಮ್ಮ ‘ಆರ್‌ಎಂಪಿ’ ಸಂಸ್ಕೃತಿಗೆ ನೇರವಾಗಿ ಹತ್ತೋದು. ಮುಂಬೈಯಲ್ಲಿ ಹೋಮಿಯೋಪತಿ ಓದಿದ್ದ ಒಬ್ಬರು 1992ರಲ್ಲಿ ಜ್ವರಕ್ಕೆ ಅಲೋಪತಿ ಆಂಟಿಬಯಾಟಿಕ್ ಕೊಟ್ಟರು, ರೋಗಿ ಸತ್ತರು. 1996ರ ಪೂನಂ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ತಾನು ಓದದ ಪದ್ಧತಿಯ ಔಷಧಿ ಕೊಡೋದೇ ನಿರ್ಲಕ್ಷ್ಯ, ಬೇರೆ ಸಾಬೀತು ಬೇಕಿಲ್ಲ. ಪರಿಹಾರ 3 ಲಕ್ಷ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. 5.96 ಕೋಟಿ, 3 ಲಕ್ಷ, 2 ಲಕ್ಷ. ಮೂವರೂ ಸತ್ತರು. ಪರಿಹಾರದಲ್ಲಿ ಸತ್ತವರ ಆದಾಯದ ಲೆಕ್ಕ ದೊಡ್ಡ ಪಾಲು. ಹಾಗಾಗಿ ಅಮೆರಿಕದ ಸಂಬಳಕ್ಕೂ ಸೇಡಂನ ತೊಗರಿ ಹೊಲದ ಕೂಲಿಗೂ ಒಂದೇ ಮೊತ್ತ ಬರಲ್ಲ. ಸ್ಮೃತಿಯ ಕಾಲದಲ್ಲಿ ರಾಜನ ಕಡೆಯವರಿಗೆ ಒಂದು ದರ ಇತ್ತು, ನಮಗೆ ಒಂದು ದರ ಇತ್ತು. ಆ ನೆರಳು ಪೂರ್ತಿ ಹೋಗಿದೆ ಅಂತ ನಮಗೆ ಅನ್ನಿಸಲ್ಲ. ಹಾಗಂತ ಕೇಳದೇ ಇದ್ದರೆ ಆ 2 ಲಕ್ಷವೂ ಇಲ್ಲ. ಕೂಲಿಯ ಲೆಕ್ಕ, ಮನೆಗೆಲಸದ ಬೆಲೆ, ಚಿಕಿತ್ಸೆಯ ಖರ್ಚು, ಅನುಭವಿಸಿದ ನೋವು, ಇವೆಲ್ಲವನ್ನೂ ದೂರಿನಲ್ಲಿ ಬರೆದು ಕೇಳಬೇಕು.

ಎಲ್ಲಿ, ಯಾವಾಗ, ಎಷ್ಟು ಖರ್ಚು?

ಎಲ್ಲಿ: ಇದು ನಮ್ಮ ಭಾಗದವರಿಗೆ ತುಂಬಾ ಮುಖ್ಯ. ಹಳೇ ಕಾಯ್ದೆಯಲ್ಲಿ ಎದುರು ಪಕ್ಷ ಇರೋ ಕಡೆ ಅಥವಾ ಘಟನೆ ನಡೆದ ಕಡೆ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯಲ್ಲಿ ದೂರುದಾರ ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಆದ ತಪ್ಪಿಗೆ ಸೇಡಂನವರು ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.

ಯಾವಾಗ: ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ. ತಡವಾದರೆ ಸರಿಯಾದ ಕಾರಣ ತೋರಿಸಬೇಕು, ಒಪ್ಪೋದು ಬಿಡೋದು ಆಯೋಗಕ್ಕೆ ಬಿಟ್ಟದ್ದು. ವರ್ಷದ ಕಾರ್ಯ ಎಲ್ಲ ಮುಗೀಲಿ ಅಂತ ಕಾಯೋ ಮನೆಗಳು ಇದನ್ನು ನೆನಪಿಡಬೇಕು.

ಖರ್ಚು: ಯಾವ ಆಯೋಗ ಅನ್ನೋದು ನಾವು ಕೇಳೋ ಪರಿಹಾರದ ಮೇಲಲ್ಲ, ಚಿಕಿತ್ಸೆಗೆ ಕೊಟ್ಟ ಹಣದ ಮೇಲೆ ತೀರ್ಮಾನ ಆಗುತ್ತೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತೆ. ಗ್ರಾಹಕ ಸಹಾಯವಾಣಿ 1915, ಕಾನೂನು ನೆರವಿಗೆ 15100.

ಯಾರಿಗೆ ಈ ಬಾಗಿಲಿಲ್ಲ: ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡೋ ಸರ್ಕಾರಿ ಆಸ್ಪತ್ರೆಗೆ ಈ ಕಾಯ್ದೆ ಅನ್ವಯ ಆಗಲ್ಲ, ನೋಂದಣಿ ಚೀಟಿಗೆ ಕೊಟ್ಟ ಹತ್ತಿಪ್ಪತ್ತು ರೂಪಾಯಿ ಲೆಕ್ಕಕ್ಕಿಲ್ಲ. ಅಂಥ ಕಡೆ ಸಿವಿಲ್ ಕೋರ್ಟ್ ಅಥವಾ ಹೈಕೋರ್ಟೇ ದಾರಿ. ಆದರೆ ಇಎಸ್‌ಐ ಬೇರೆ. ಕಾರ್ಮಿಕನ ಸಂಬಳದಿಂದ ವಂತಿಗೆ ಹೋಗುತ್ತೆ, ಹಾಗಾಗಿ ಅದು ಪುಕ್ಕಟೆ ಸೇವೆ ಅಲ್ಲ ಅಂತ 2007ರ ಕಿಶೋರ್ ಲಾಲ್ ತೀರ್ಪು ಹೇಳುತ್ತೆ. ಸೇಡಂ, ಮಳಖೇಡ, ವಾಡಿ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಅಪ್ಪನೋ ಅಣ್ಣನೋ ಇಎಸ್‌ಐ ಕಾರ್ಡ್ ಇಟ್ಟುಕೊಂಡು ದುಡಿಯೋ ಮನೆಗಳು ಇದನ್ನು ತಿಳಿದಿರಲಿ.

ಏನೇನು ಇಟ್ಟುಕೊಳ್ಳಬೇಕು?

1. ಪ್ರತಿ ಚೀಟಿಯ ಎರಡೂ ಬದಿಯ ಫೋಟೋ. ಔಷಧಿ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು ಅಂತ ವೈದ್ಯರ ನಿಯಮವೇ ಇದೆ. ಓದೋಕೆ ಬರದಿದ್ದರೆ ಅಲ್ಲೇ ಕೇಳಿ.

2. ಔಷಧಿ ಅಂಗಡಿಯ ಬಿಲ್ಲು, ಬ್ಯಾಚ್ ನಂಬರ್ ಸಮೇತ. ಯಾಕಂದ್ರೆ ಕೆಲವು ಸಲ ಡಾಕ್ಟರು ಬರೆದದ್ದು ಸರಿ, ಅಂಗಡಿಯವರು ಕೊಟ್ಟದ್ದು ಬೇರೆ. ಬರೆದ ಔಷಧಿ ಬಿಟ್ಟು ಬೇರೆ ಕೊಡೋಕೆ ಅಂಗಡಿಯವರಿಗೆ ಅಧಿಕಾರ ಇಲ್ಲ. ಯಾರ ತಪ್ಪು ಅಂತ ಚೀಟಿ ಮತ್ತು ಬಿಲ್ಲು ಎರಡೂ ಸೇರಿ ಹೇಳುತ್ತವೆ.

3. ಉಳಿದ ಗುಳಿಗೆ ಮತ್ತು ಅದರ ಸ್ಟ್ರಿಪ್. ಸಿಟ್ಟಿನಲ್ಲಿ ತಿಪ್ಪೆಗೆ ಎಸೆಯಬೇಡಿ.

4. ಆಸ್ಪತ್ರೆಯ ದಾಖಲೆಗಳ ಪ್ರತಿ. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರೋರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮ ಇದೆ. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

5. ಎರಡನೇ ಡಾಕ್ಟರ ಚೀಟಿ ಮತ್ತು ರಿಪೋರ್ಟ್. ಹಿಂದಿನ ಔಷಧಿ ಹೆಸರು, ಅದು ನಿಲ್ಲಿಸಿದ ಕಾರಣ ಅದರಲ್ಲಿ ದಾಖಲಾಗಿದ್ದರೆ ಮೂರನೇ ಕೊಂಡಿ ಗಟ್ಟಿಯಾಗುತ್ತೆ.

6. ತಾರೀಖಿನ ಪಟ್ಟಿ. ಯಾವ ದಿನ ಯಾವ ಗುಳಿಗೆ, ಯಾವ ದಿನ ಯಾವ ತೊಂದರೆ. ಲ್ಯಾಬ್ ರೆಕಾರ್ಡ್ ಬರೆಯೋ ನಮಗೆ ಇದೇನು ಕಷ್ಟದ ಕೆಲಸ ಅಲ್ಲ.

ನಮ್ಮ ಅಜ್ಜ ಅಜ್ಜಿಯರಿಗೆ ಚೀಟಿಯಲ್ಲಿ ಏನು ಬರೆದಿದೆ ಅಂತ ಓದೋಕೆ ಬರಲ್ಲ, ಗುಳಿಗೆಯ ಬಣ್ಣ ನೋಡಿ ನುಂಗ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಓದೋಕೆ ಬರುತ್ತೆ. ಈ ಸಲ ರಜೆಗೆ ಊರಿಗೆ ಹೋದಾಗ ಮನೆಯ ಔಷಧಿ ಡಬ್ಬಿ ತೆಗೆದು ನೋಡಿ. ಚೀಟಿ, ಬಿಲ್ಲು, ಗುಳಿಗೆ ಮೂರರಲ್ಲೂ ಒಂದೇ ಹೆಸರು ಇದೆಯಾ ಅಂತ ತಾಳೆ ಹಾಕಿ. ಅನುಮಾನ ಬಂದರೆ ನಾವೇ ನಿಲ್ಲಿಸಿಬಿಡೋದು ಬೇಡ, ಅವತ್ತೇ ಡಾಕ್ಟರನ್ನ ಕೇಳಿ. ಆಮೇಲೆ ಎಲ್ಲಾ ಕಾಗದ ಒಂದು ಫೈಲಿಗೆ ಹಾಕಿ, ಮೇಲೆ ತಾರೀಖು ಬರೆದಿಡಿ. ಬಹಳಷ್ಟು ಮನೆಗಳಲ್ಲಿ ಆ ಫೈಲು ಯಾವತ್ತೂ ಕಲಬುರಗಿವರೆಗೆ ಹೋಗೋ ಅಗತ್ಯ ಬರಲ್ಲ. ಬಂದ ಮನೆಯಲ್ಲಿ ಮಾತ್ರ ಅದು ಇರಬೇಕು.