ಯಾತಯಾಮವೂ ಕಚೇರಿಯ ಬುತ್ತಿಯೂ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ. ಬೆಳಗಿನ 5-30ಕ್ಕೆ ಬೇಯಿಸಿದ ಅನ್ನವನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಮಧ್ಯಾಹ್ನ 1 ಗಂಟೆಗೆ ಕಚೇರಿಯಲ್ಲಿ ಉಣ್ಣುವುದು ಶಾಸ್ತ್ರಸಮ್ಮತವೇ ಎಂಬುದೇ ಆ ಪ್ರಶ್ನೆ. ಗೀತೆಯ 17ನೆಯ ಅಧ್ಯಾಯದಲ್ಲಿ ತಾಮಸಾಹಾರದ ಲಕ್ಷಣವನ್ನು ಹೇಳುವಾಗ ಮೊಟ್ಟಮೊದಲು ಬರುವ ಪದ 'ಯಾತಯಾಮ'. ಯಾಮವೆಂದರೆ ಮೂರು ಗಂಟೆಗಳ ಒಂದು ಪ್ರಹರ. 5-30ರಿಂದ 1 ಗಂಟೆಯವರೆಗೆ ಏಳೂವರೆ ಗಂಟೆ, ಎಂದರೆ ಎರಡೂವರೆ ಯಾಮ. ಹೀಗೆ ಲೆಕ್ಕ ಹಾಕಿದ ಹಿರಿಯರು ಡಬ್ಬಿಯೇ ಬೇಡವೆನ್ನುತ್ತಾರೆ. ಡಬ್ಬಿ ಬೇಡವಾದರೆ ಮಗನೋ ಸೊಸೆಯೋ ಉಪಾಹಾರಗೃಹದಲ್ಲಿ ಈರುಳ್ಳಿ ಬೆಳ್ಳುಳ್ಳಿ ಬೆರೆತದ್ದನ್ನು ತಿನ್ನುತ್ತಾರೆ. ಅದು ಒಲ್ಲದಿದ್ದರೆ ಚಹಾ ಬಿಸ್ಕತ್ತುಗಳ ಮೇಲೆ ಸಂಜೆಯವರೆಗೆ ದಿನ ದೂಡುತ್ತಾರೆ. ನನಗೆ ಪರಿಚಿತವಾದ ಒಂದು ಮನೆಯಲ್ಲಿ ಅತ್ತೆ ಸೊಸೆಯರಿಗೆ ಮೂರು ತಿಂಗಳು ಮಾತು ನಿಂತದ್ದು ಈ ಒಂದು ಪದದ ದೆಸೆಯಿಂದ. ಆದುದರಿಂದ ಪದದ ವಿಚಾರವನ್ನು ಮೊದಲು ಮುಗಿಸಿಕೊಂಡು ಅನಂತರ ಅಡುಗೆಮನೆಯನ್ನು ಪ್ರವೇಶಿಸೋಣ.

ಯಾತಯಾಮ ಶಬ್ದಕ್ಕೆ ವ್ಯಾಖ್ಯಾನಕಾರರು ಒಂದೇ ಅರ್ಥವನ್ನು ಹೇಳಿಲ್ಲ. ಬೇಯಿಸಿ ಒಂದು ಪ್ರಹರ ಕಳೆದು ತಣ್ಣಗಾದದ್ದು ಎಂದು ಶ್ರೀಧರಸ್ವಾಮಿಗಳು ಬರೆದರೆ, ಬಹುಕಾಲ ಇರಿಸಿದ್ದು ಎಂದಷ್ಟೇ ರಾಮಾನುಜರು ಹೇಳುತ್ತಾರೆ. ಶಂಕರರ ಭಾಷ್ಯದಲ್ಲಂತೂ ಅದು ಅರೆಬೆಂದ ಅನ್ನ. ಭಾಗವತದ ದ್ವಾದಶಸ್ಕಂಧದಲ್ಲಿ ಯಾಜ್ಞವಲ್ಕ್ಯರು ಸೂರ್ಯನನ್ನು ಆರಾಧಿಸಿ ಪಡೆದ ಯಜುಸ್ಸುಗಳಿಗೆ 'ಅಯಾತಯಾಮ' ಎಂಬ ವಿಶೇಷಣವಿದೆ. ಮಂತ್ರಕ್ಕೆ ಮೂರು ಗಂಟೆಯ ಗಡಿಯಾರವನ್ನು ಯಾರೂ ಕಟ್ಟಲಾರರು. ಸತ್ತ್ವಗುಂದದ, ಬಳಸಿ ಸವೆಯದ ಎಂಬುದೇ ಅಲ್ಲಿಯ ತಾತ್ಪರ್ಯ. ಗೀತೆಯಲ್ಲಿಯೂ ಆ ಪದದ ಬೆನ್ನಿಗೇ 'ಗತರಸ' ಎಂದು ಬಂದಿರುವುದನ್ನು ಗಮನಿಸಬೇಕು. ಕಾಲ ಕಳೆದುದು ದೋಷಕ್ಕೆ ದ್ವಾರವೇ ಹೊರತು, ರಸವೂ ಸತ್ತ್ವವೂ ಉಳಿದಿರುವ ಆಹಾರವನ್ನು ಕೇವಲ ಘಂಟೆಯ ಲೆಕ್ಕದಿಂದ ತಾಮಸವೆಂದು ಕರೆಯುವುದು ನನ್ನ ಮಟ್ಟಿಗೆ ಸರಿದೋರುವುದಿಲ್ಲ.

ಎರಡನೆಯ ಪದ 'ಪರ್ಯುಷಿತ', ಎಂದರೆ ಒಂದು ರಾತ್ರಿ ಕಳೆದ ತಂಗಳು. ಇದನ್ನು ಸ್ಮೃತಿಗಳು ಸ್ಪಷ್ಟವಾಗಿ ನಿಷೇಧಿಸುತ್ತವೆ; ಆದರೆ ಅಷ್ಟೇ ಸ್ಪಷ್ಟವಾಗಿ ಅಪವಾದಗಳನ್ನೂ ಹೇಳುತ್ತವೆ. ಮನುಸ್ಮೃತಿಯ 5ನೆಯ ಅಧ್ಯಾಯದ 24 ಮತ್ತು 25ನೆಯ ಶ್ಲೋಕಗಳ ಪ್ರಕಾರ ತುಪ್ಪ ಎಣ್ಣೆಗಳ ಸ್ನೇಹಾಂಶ ಕೂಡಿದ ನಿರ್ದುಷ್ಟವಾದ ಭಕ್ಷ್ಯಭೋಜ್ಯಗಳು ತಂಗಳಾದರೂ ಗ್ರಾಹ್ಯ. ಯವೆ, ಗೋದಿಗಳಿಂದ ಮಾಡಿದವು ಮತ್ತು ಹಾಲಿನ ವಿಕಾರಗಳು ಸ್ನೇಹವಿಲ್ಲದೆಯೂ, ಬಹುಕಾಲವಿದ್ದರೂ ಗ್ರಾಹ್ಯ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವೂ ಇದನ್ನೇ ಅನುವದಿಸುತ್ತದೆ. ಹುಳಿಯೇರಿದ ಪದಾರ್ಥಗಳನ್ನು ವರ್ಜಿಸುವ ಸಂದರ್ಭದಲ್ಲಿ ಮನು ಮೊಸರನ್ನೂ ಮೊಸರಿನಿಂದಾದವುಗಳನ್ನೂ ಪ್ರತ್ಯೇಕವಾಗಿ ಬಿಟ್ಟುಕೊಡುತ್ತಾನೆ. ವಸಿಷ್ಠಧರ್ಮಸೂತ್ರವು ತಂಗಳನ್ನು ನಿಷೇಧಿಸಿದ ಮರುಸೂತ್ರದಲ್ಲಿಯೇ, ಮೊಸರನ್ನಾಗಲಿ ತುಪ್ಪವನ್ನಾಗಲಿ ಎರೆದು ಬೇಕಾದರೆ ಉಪಯೋಗಿಸಬಹುದು ಎನ್ನುತ್ತದೆ. ರಾತ್ರಿ ಕಳೆದದ್ದಕ್ಕೇ ಇಷ್ಟು ಅವಕಾಶವಿರುವಾಗ ಅದೇ ದಿನ ಬೆಳಗ್ಗೆ ಮಾಡಿದ್ದಕ್ಕೆ ಹೇಳುವುದೇನು? ಇದೇ ಕೈಮುತ್ಯನ್ಯಾಯ.

ಈ ಶ್ಲೋಕಗಳನ್ನು ಅಡುಗೆಯ ದೃಷ್ಟಿಯಿಂದ ಓದಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಗೋದಿ, ತುಪ್ಪ, ಎಣ್ಣೆ, ಮೊಸರು: ಇದು ಬುತ್ತಿಯ ಪಟ್ಟಿಯಲ್ಲದೆ ಮತ್ತೇನು? ದಾರಿ ನಡೆಯುವವರಿಗೆ ಯಾವುದು ಕೆಡದೆ ಉಳಿಯುತ್ತದೆ ಎಂಬ ಲೋಕಾನುಭವವೇ ಇಲ್ಲಿ ಶಾಸ್ತ್ರರೂಪ ತಾಳಿದಂತಿದೆ. ಸಂಸ್ಕೃತದಲ್ಲಿ ಬುತ್ತಿಗೆ 'ಪಾಥೇಯ' ಎಂದು ಹೆಸರು. ದಾರಿಯಲ್ಲಿ ಒದಗುವಂಥದ್ದು ಎಂದರ್ಥ. ಅದನ್ನು ಸಾಧಿಸುವ ಪಾಣಿನಿಯ ಸೂತ್ರವೇ 'ಆತಿಥೇಯ' ಶಬ್ದವನ್ನೂ ಸಾಧಿಸುತ್ತದೆ. ದಾರಿಗನ ಗಂಟೂ ಅತಿಥಿಯ ಎಲೆಯೂ ಒಂದೇ ಪ್ರತ್ಯಯದಲ್ಲಿ ಸಿದ್ಧವಾಗುವುದು ವೈಯಾಕರಣರಿಗೆ ಸಾಮಾನ್ಯ ಸಂಗತಿಯಾದರೂ ನನಗೆ ಯಾವಾಗಲೂ ಹಿತವೆನಿಸಿದೆ.

ವಿಜಾಪುರ, ಕಲಬುರ್ಗಿಗಳ ಕಡೆಯವರಿಗೆ 'ದಶಮಿ' ಎಂಬ ರೊಟ್ಟಿ ಗೊತ್ತಿರಬೇಕು. ತಿಥಿಯಲ್ಲ, ನೀರಿನ ಬದಲು ಹಾಲಿನಲ್ಲಿ ಹಿಟ್ಟು ಕಲಸಿ ಮಾಡುವ ರೊಟ್ಟಿ. ನೀರಿನಲ್ಲಿ ಬೇಯಿಸಿದ ಅನ್ನದ ಮುಸುರೆ ಇದಕ್ಕಿಲ್ಲವೆಂದು ಮಡಿವಂತರು ಪ್ರಯಾಣಕ್ಕೆ ಇದನ್ನೇ ಕಟ್ಟಿಕೊಳ್ಳುತ್ತಿದ್ದರು. ಮಹಾರಾಷ್ಟ್ರದಲ್ಲಿಯೂ ಇದೇ ಹೆಸರು, ಇದೇ ಉಪಯೋಗ. ನನ್ನ ಸೇವಾವಧಿಯಲ್ಲಿ ಸೊಲ್ಲಾಪುರ, ಗುಂತಕಲ್ಲುಗಳ ಕಡೆ ತಪಾಸಣೆಗೆಂದು ಹೋಗುವಾಗ ದಶಮಿ, ಶೇಂಗಾಚಟ್ನಿಪುಡಿ, ಒಂದು ಚಮಚ ತುಪ್ಪ ಇಷ್ಟೇ ನನ್ನ ಚೀಲದಲ್ಲಿರುತ್ತಿದ್ದುದು. ಗಾಡಿಯ ಚಾಲಕರು ಮತ್ತು ಗಾರ್ಡುಗಳು (ಈ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಎಂಬ ಹೆಸರು ಬಂದಿದೆ) ಅಕ್ಕಿಬೇಳೆಗಳನ್ನು ತಾವೇ ತಂದು ರನ್ನಿಂಗ್ ರೂಮಿನ ಅಡುಗೆಯವನಿಂದ ಬೇಯಿಸಿಕೊಳ್ಳುತ್ತಿದ್ದರು. ಆ ಅನುಕೂಲ ಬ್ಯಾಂಕಿನಲ್ಲಿಯೋ ಗಣಕಯಂತ್ರದ ಕಂಪನಿಯಲ್ಲಿಯೋ ದುಡಿಯುವ ನಮ್ಮ ಮಕ್ಕಳಿಗಿಲ್ಲ. ಮುಂಬಯಿಯವರಿಗೆ ಮಾತ್ರ ಡಬ್ಬಾವಾಲಾಗಳ ಸೌಕರ್ಯವಿದೆ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಆರಂಭಿಸಿದ ಈ ವ್ಯವಸ್ಥೆ 2020ರ ನಂತರ ಕುಗ್ಗಿದ್ದರೂ ನಿಂತಿಲ್ಲ. ಮನೆಯಲ್ಲಿ ಹಿರಿಯರಿದ್ದು 9 ಗಂಟೆಯ ಹೊತ್ತಿಗೆ ಅಡುಗೆಯಾಗುವಂತಿದ್ದರೆ ಎರಡೂವರೆ ಯಾಮವು ಒಂದೂ ಮೂರನೆಯ ಒಂದಕ್ಕೆ ಇಳಿಯುತ್ತದೆ.

ಅನ್ನದ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಬರಿಯ ಅನ್ನಕ್ಕೆ, ಅದರಲ್ಲೂ ಸಾರುಹುಳಿಗಳನ್ನು ಕಲಸಿದ ಅನ್ನಕ್ಕೆ ಸ್ಮೃತಿಯ ಅಪವಾದಗಳು ಅನ್ವಯಿಸುವುದಿಲ್ಲ. ವಿಜ್ಞಾನವೂ ಅದನ್ನು ನಂಬುವುದಿಲ್ಲ. ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಅಕ್ಕಿ ಕುದಿಯುವಾಗಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಮುಚ್ಚಿಟ್ಟಿದ್ದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಆದುದರಿಂದ ಎರಡೇ ಮಾರ್ಗ. ಒಂದು, ಶಾಖ ಹಿಡಿದಿಡುವ ಡಬ್ಬಿಯಲ್ಲಿ ಹಬೆಯಾಡುತ್ತಿರುವಾಗಲೇ ತುಂಬಿ, ಉಣ್ಣುವವರೆಗೆ 60 ಡಿಗ್ರಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು. ಅದಕ್ಕೆ ಮುಂಚೆ ಡಬ್ಬಿಯಲ್ಲಿ ಕುದಿನೀರು ತುಂಬಿ ಐದು ನಿಮಿಷ ಇಟ್ಟು ಚೆಲ್ಲಬೇಕು. ಇನ್ನೊಂದು, ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ, ಹುಳಿ ಮತ್ತು ಎಣ್ಣೆ ಕೂಡಿಸುವುದು. ಅರೆಬಿಸಿಯಲ್ಲಿ ಮುಚ್ಚಳ ಬಿಗಿದು ಹಬೆಯ ಹನಿಗಳು ಒಳಗೇ ಸುರಿಯುವಂತೆ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸಮುದ್ರತೀರದ ಮುಂಬಯಿ, ಚೆನ್ನೈಗಳಲ್ಲಿ ಹಸಿ ತೆಂಗಿನ ತುರಿಯನ್ನು ಡಬ್ಬಿಗೆ ಹಾಕಬಾರದು, ಕೊಬ್ಬರಿ ಸಾಕು.

ಇನ್ನು ಪದಾರ್ಥಗಳು. ಗಡಿಬಿಡಿಯ ಬೆಳಗಿಗೆ ಗೊಜ್ಜವಲಕ್ಕಿಗೆ ಸಮನಾದುದು ನನಗೆ ಕಂಡಿಲ್ಲ. ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿತರಿಯಾಗಿ ಪುಡಿ ಮಾಡಿ ಡಬ್ಬದಲ್ಲಿ ಮೊದಲೇ ಇಟ್ಟುಕೊಂಡಿರಬೇಕು. ಎರಡು ಬಟ್ಟಲು ಪುಡಿಗೆ ನಿಂಬೆಗಾತ್ರದ ಹುಣಿಸೆಯನ್ನು ಕಿವಿಚಿ ತೆಗೆದ ರಸ, ನೀರೂ ಸೇರಿ ಒಂದೂವರೆ ಬಟ್ಟಲಾಗುವಂತಿರಲಿ. ಅದರಲ್ಲಿ ಬೆಲ್ಲ, ಉಪ್ಪು, ಎರಡು ಚಮಚ ಸಾರಿನಪುಡಿ ಕರಗಿಸಿ, ಪುಡಿಯ ಮೇಲೆ ಸುರಿದು ಕಲಸಿ ಮುಚ್ಚಿಡಬೇಕು. ಇಷ್ಟು ಮಾಡಿ ಸ್ನಾನಕ್ಕೆ ಹೋಗಬಹುದು. ಅರ್ಧ ಗಂಟೆಯಲ್ಲಿ ಅವಲಕ್ಕಿ ರಸವನ್ನೆಲ್ಲ ಹೀರಿ ಉದುರುದುರಾಗಿ ಅರಳಿರುತ್ತದೆ. ಆಮೇಲೆ ಧಾರಾಳವಾದ ಎಳ್ಳೆಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಇಂಗು, ಕರಿಬೇವುಗಳ ಒಗ್ಗರಣೆ ಕೊಟ್ಟು ಕೊಬ್ಬರಿ ಬೆರೆಸಿದರೆ ಮುಗಿಯಿತು. ಒಲೆಯ ಕೆಲಸ ಐದು ನಿಮಿಷ ಮಾತ್ರ. ಹುಳಿ ಮತ್ತು ಎಣ್ಣೆ ಎರಡೂ ಇರುವುದರಿಂದ ಮಧ್ಯಾಹ್ನದವರೆಗೆ ಕೆಡುವ ಭಯವಿಲ್ಲ. ಬೆಳಗಿಗಿಂತ ಮಧ್ಯಾಹ್ನವೇ ರುಚಿ ಹೆಚ್ಚು. ಗತರಸವೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯೇ ಇಲ್ಲ.

ಪುಳಿಯೋಗರೆಯ ಗೊಜ್ಜನ್ನು ರವಿವಾರ ಕಾಯಿಸಿ ಎಣ್ಣೆ ತೇಲುವಂತೆ ಇಟ್ಟರೆ ವಾರಗಟ್ಟಲೆ ನಿಲ್ಲುತ್ತದೆ. ಇದನ್ನು ತಿಳಿಯದ ಗೃಹಿಣಿಯರಿಲ್ಲವಾದ್ದರಿಂದ ವಿಸ್ತರಿಸುವುದಿಲ್ಲ.

ಮೊಸರನ್ನವನ್ನು ಕುರಿತು ಮಾತ್ರ ಸ್ವಲ್ಪ ಬರೆಯಬೇಕು. ಉತ್ತರ ಕರ್ನಾಟಕದಲ್ಲಿ ಬುತ್ತಿಯೆಂದರೆ ಕಲಸಿದ ಅನ್ನವೆಂದೇ ರೂಢಿ. ಅದರಲ್ಲಿ ಮೊಸರುಬುತ್ತಿಗೆ ಅಗ್ರಸ್ಥಾನ. ಭಾಗವತದ ದಶಮಸ್ಕಂಧದಲ್ಲಿ ಮಳೆಗಾಲದ ವರ್ಣನೆಯ ನಡುವೆ, ಶ್ರೀಕೃಷ್ಣನು ಬಲರಾಮನೊಡನೆ ಗೋಪಬಾಲಕರನ್ನು ಕೂಡಿಕೊಂಡು ನೀರಿನ ಸಮೀಪದ ಬಂಡೆಯ ಮೇಲೆ ಕುಳಿತು ಮನೆಯಿಂದ ತಂದ ದಧ್ಯೋದನವನ್ನು ಉಂಡನೆಂದು ಬರುತ್ತದೆ. ಅಲ್ಲಿಯ 'ಸಮಾನೀತ' ಎಂಬ ಪದವನ್ನು ಡಬ್ಬಿ ಬೇಡವೆನ್ನುವ ಹಿರಿಯರು ದಯವಿಟ್ಟು ನೋಡಬೇಕು. ಅದು ಕಾಡಿನಲ್ಲಿ ಬೇಯಿಸಿದ್ದಲ್ಲ, ತಂದದ್ದು. ದನ ಕಾಯುವುದು ಆ ಬಾಲಕರ ಉದ್ಯೋಗ. ಉದ್ಯೋಗದ ಸ್ಥಳದಲ್ಲಿ ಮಧ್ಯಾಹ್ನದ ಊಟ ಅದು.

ಕಚೇರಿಗೆ ಒಯ್ಯುವ ಮೊಸರನ್ನ ಹುಳಿಯಾಯಿತೆಂದು ದೂರುವವರು ಬೆಳಗ್ಗೆಯೇ ಮೊಸರು ಸುರಿದಿರುತ್ತಾರೆ. ಒಂದು ಬಟ್ಟಲು ಅಕ್ಕಿಗೆ ನಾಲ್ಕು ಬಟ್ಟಲು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಲ್ಲೇ ಹಿಸುಕಿ, ಬೆರಳಿಗೆ ಹಿತವಾಗುವಷ್ಟು ಆರಿದ ಕೂಡಲೇ ಕಾಯಿಸಿ ಆರಿಸಿದ ಹಾಲು ಎರಡು ಬಟ್ಟಲು, ಮೊಸರು ಎರಡೇ ಚಮಚ ಬೆರೆಸಬೇಕು. ಅದು ದಾರಿಯಲ್ಲಿ ಹೆಪ್ಪುಗಟ್ಟುತ್ತ ಹೋಗಿ, ಊಟದ ಹೊತ್ತಿಗೆ ಆಗತಾನೆ ಆದ ಸಿಹಿಮೊಸರಿನ ಅನ್ನವಾಗುತ್ತದೆ. ಹುಳಿ ಬೆಳೆಯುವಲ್ಲಿ ಇತರ ಸೂಕ್ಷ್ಮಾಣುಗಳು ಸುಲಭವಾಗಿ ವೃದ್ಧಿಸಲಾರವು. ಹೈದರಾಬಾದಿನ ಬೇಸಗೆಯಲ್ಲಿ ಹೆಪ್ಪು ಒಂದೇ ಚಮಚ ಸಾಕು. ದೆಹಲಿಯ ಡಿಸೆಂಬರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಆರಿದ ಅನ್ನಕ್ಕೆ ನೇರವಾಗಿ ಮೊಸರನ್ನೇ ಕಲಸಬೇಕು. ಹಿತ್ತಾಳೆಯ ಡಬ್ಬಿಗೆ ಕಲಾಯಿ ಇಲ್ಲದಿದ್ದರೆ ಮೊಸರನ್ನಾಗಲಿ ಹುಣಿಸೆಯನ್ನಾಗಲಿ ತುಂಬಲೇಬಾರದು. ಅಲ್ಯೂಮಿನಿಯಂ ಕೂಡ ಹುಳಿಗೆ ಆಗದು.

ಅಡುಗೆಯೇ ಸಾಧ್ಯವಾಗದ ದಿನಗಳೂ ಇರುತ್ತವೆ. ಅದಕ್ಕೆಂದು ಮೆಂತ್ಯದ ಹಿಟ್ಟು ಮನೆಯಲ್ಲಿರಬೇಕು. ಹುರಿದ ಧಾನ್ಯಗಳ ಈ ಪುಡಿಯನ್ನು ಮೊಸರಿನಲ್ಲಿ ಕಲಸಿ, ಹಿಂದಿನ ರಾತ್ರಿ ತುಪ್ಪ ಸವರಿ ಇಟ್ಟ ಚಪಾತಿಯೊಡನೆ ತಿಂದರೆ, ಗೋದಿ, ತುಪ್ಪ, ಮೊಸರು ಮೂರೂ ಸ್ಮೃತಿಯ ಪಟ್ಟಿಗೆ ಸೇರಿದವೇ. ಇದಕ್ಕೆ ಬೇಕಾದ ಸಮಯ ಎರಡು ನಿಮಿಷ. ಒಬ್ಬಂಟಿಯಾಗಿ ಕೋಣೆ ಹಿಡಿದಿರುವ ತರುಣರಿಗೆ ತಾಯಂದಿರು ಕಳಿಸಬೇಕಾದ ಮೊದಲ ವಸ್ತು ಇದು. ಉಪ್ಪಿನಕಾಯಿಯ ಜಾಡಿ ಎರಡನೆಯದು.

ವ್ರತದ ದಿನಗಳಲ್ಲಿ ಡಬ್ಬಿಯೂ ಬದಲಾಗಬೇಕು. ಆಷಾಢಶುದ್ಧ ಏಕಾದಶಿಯಿಂದ ತೊಡಗುವ ಶಾಕವ್ರತದಲ್ಲಿ ಹುಣಿಸೆ, ಮೆಣಸಿನಕಾಯಿಗಳಿಲ್ಲವಾದ್ದರಿಂದ ಗೊಜ್ಜವಲಕ್ಕಿ, ಪುಳಿಯೋಗರೆಗಳು ಹೋದವು. ಹೆಸರುಬೇಳೆಯ ಹುಗ್ಗಿ, ತುಪ್ಪ, ಜೀರಿಗೆ, ಕಾಳುಮೆಣಸು ಸೇರಿಸಿ ಶಾಖದ ಡಬ್ಬಿಯಲ್ಲಿ ತುಂಬಿದರೆ ಉತ್ತಮ. ಆರಿದರೆ ಗಟ್ಟಿಯಾಗುವುದರಿಂದ ಸ್ವಲ್ಪ ತೆಳ್ಳಗಿರಲಿ. ದಧಿವ್ರತದಲ್ಲಿ ಮೊಸರನ್ನವಿಲ್ಲ. ಕ್ಷೀರವ್ರತದಲ್ಲಿ ಮೊಸರು ಉಂಟು, ಹಾಲಿಲ್ಲ. ಮೇಲೆ ಹೇಳಿದ ಹಾಲಿನ ಉಪಾಯ ಆಗ ಬೇಡ. ದ್ವಿದಳವ್ರತದಲ್ಲಿ ಮೆಂತ್ಯದ ಹಿಟ್ಟು, ಬೇಳೆಯ ಒಗ್ಗರಣೆ ಎರಡೂ ವರ್ಜ್ಯ. ದಶಮಿಯಂದು ಏಕಭುಕ್ತವಾದುದರಿಂದ ಆ ದಿನದ ಡಬ್ಬಿಯೇ ಇಡೀ ದಿನದ ಊಟ. ಅಂದು ಎರಡು ಡಬ್ಬಿ ತುಂಬಿದರೂ ಹೆಚ್ಚಲ್ಲ. ಏಕಾದಶಿಗೆ ಡಬ್ಬಿಯ ಮಾತಿಲ್ಲ. ದ್ವಾದಶಿಯಂದು ಪಾರಣೆ ಮುಂಜಾನೆಯೇ ಆಗಿರುತ್ತದೆ, ಪುನರ್ಭೋಜನ ನಿಷಿದ್ಧ. ಒಂದೆರಡು ಬಾಳೆಹಣ್ಣು ಕೊಟ್ಟು ಕಳಿಸಬಹುದು. ಸೂಕ್ಷ್ಮಗಳಲ್ಲಿ ಮನೆತನದ ಸಂಪ್ರದಾಯವನ್ನು ಅನುಸರಿಸಬೇಕು.

ಕಚೇರಿಗಳಲ್ಲಿ ಈಗ ಮೈಕ್ರೋವೇವ್ ಒಲೆಗಳಿವೆ. ಎಲ್ಲರ ಎಲ್ಲ ಬಗೆಯ ಪದಾರ್ಥಗಳೂ ಅದರಲ್ಲಿ ಕಾಯುತ್ತವೆ. ಬಿಸಿ ಮಾಡುವುದು ಪುನಃಪಾಕವೇ ಅಲ್ಲವೇ ಎಂಬ ಚರ್ಚೆಗಿಂತ, ಬಿಸಿ ಬೇಡದ ಪದಾರ್ಥಗಳನ್ನೇ ಒಯ್ಯುವುದು ಜಾಣತನವೆಂದು ನನ್ನ ಮತ. ಮತ್ತೊಂದು ಮಾತು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ನಾಲ್ಕೂವರೆಗೆ ಏಳುವವಳು ಒಬ್ಬಳೇ ಆಗಿರುವುದು ಯಾವ ಸ್ಮೃತಿಯ ವಿಧಿಯೂ ಅಲ್ಲ. ಅವಲಕ್ಕಿ ಕಲಸುವುದಕ್ಕೆ, ಹುಣಿಸೆ ಕಿವಿಚುವುದಕ್ಕೆ ಪುರುಷರೂ ಸಮರ್ಥರು. ಮಠದ ಪಾಕಶಾಲೆಯಲ್ಲಿ ಅಡುಗೆ ಮಾಡುವವರು ಪುರುಷರೇ ತಾನೆ?

ಡಬ್ಬಿಗೆ ತುಂಬುವ ಮೊದಲು ದೇವರಿಗೆ ನೈವೇದ್ಯವಾಗಿರಲಿ. ಅವಸರದಲ್ಲಿ ಡಬ್ಬಿ ಮೊದಲು, ನೈವೇದ್ಯ ಆಮೇಲೆ ಎಂಬ ಕ್ರಮ ಹಲವು ಮನೆಗಳಲ್ಲಿ ತಲೆಕೆಳಗಾಗಿ ನಡೆಯುತ್ತಿದೆ. ತುಳಸಿ ಹಾಕಿ ನಿವೇದಿಸಲು ಎರಡು ನಿಮಿಷ ಸಾಕು. ಕಚೇರಿಯಲ್ಲಿ ಪರಿಷೇಚನ, ಆಪೋಶನಗಳಿಗೆ ಸಂಕೋಚಪಡುವ ತರುಣರಿದ್ದಾರೆ. ಒಂದು ಸಣ್ಣ ಸೀಸೆಯಲ್ಲಿ ನೀರು, ಚಿತ್ರಾಹುತಿಗೆ ಡಬ್ಬಿಯ ಮುಚ್ಚಳ ಇದ್ದರೆ ಆಯಿತು. ಮೇಜಿನ ಮೇಲೆ ಗಣಕಯಂತ್ರದ ಕೀಲಿಮಣೆಯಿದ್ದರೆ ಅದನ್ನು ಮಾತ್ರ ಒಂದು ಮೊಳ ಆಚೆ ಸರಿಸಿಕೊಳ್ಳಬೇಕು.