ಕತ್ತರಿ ಹಿಡಿಯುವ ಮೊದಲು ಕಡ್ಡಿಯ ವಯಸ್ಸು ನೋಡಿ

ಬ್ರಿಟನ್ನಿನಲ್ಲಿ ತರಕಾರಿ, ಹಣ್ಣು ಬೆಳೆದುಕೊಳ್ಳಲು ಬಯಸುವವರಿಗೆ ಸ್ಥಳೀಯ ಆಡಳಿತಗಳು ಸಣ್ಣ ತುಂಡು ಭೂಮಿಯನ್ನು ಬಾಡಿಗೆಗೆ ಕೊಡುತ್ತವೆ. ಇದಕ್ಕೆ ‘ಅಲಾಟ್‌ಮೆಂಟ್’ ಎಂದು ಹೆಸರು. ಪೂರ್ಣ ಅಳತೆಯ ತುಂಡು ಸುಮಾರು 250 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಹಲವೆಡೆ ಇದಕ್ಕಾಗಿ ವರ್ಷಗಟ್ಟಲೆ ಕಾಯಬೇಕು.

ಕೊನೆಗೆ ಸಿಕ್ಕಿದ ಜಾಗದಲ್ಲಿ ಹಿಂದಿನವರು ನೆಟ್ಟ ಬೆರಿ ಗಿಡಗಳು ಪೊದೆಯಾಗಿ ಹಬ್ಬಿರುವುದುಂಟು. ಭೂಮಿಯನ್ನು ಪಾಳು ಬಿಟ್ಟರೆ ಅದನ್ನು ವಾಪಸ್ ಪಡೆಯುವ ನಿಯಮವಿದೆ. ಅವಸರದಲ್ಲಿ ಎಲ್ಲವನ್ನೂ ಕಡಿದರೆ ಮುಂದಿನ ಬೆಳೆಯೇ ಹೋಗಬಹುದು. ಹಾಗಾದರೆ ಏನು ಮಾಡಬೇಕು? ಗಿಡ ಎಷ್ಟು ವಯಸ್ಸಿನ ಕಡ್ಡಿಯಲ್ಲಿ ಹಣ್ಣು ಬಿಡುತ್ತದೆ ಎಂದು ತಿಳಿದರೆ, ಯಾವುದನ್ನು ಕತ್ತರಿಸಬೇಕೆಂಬುದೂ ತಿಳಿಯುತ್ತದೆ.

ಗಿಡವನ್ನು ಗುರುತಿಸುವುದು

ರಾಸ್ಪ್‌ಬೆರಿಯ ಕಡ್ಡಿಗಳು ನೆಲದಿಂದ ನೆಟ್ಟಗೆ ಏಳುತ್ತವೆ. ಬ್ಲ್ಯಾಕ್‌ಬೆರಿಯ ಕಡ್ಡಿಗಳು ಉದ್ದವಾಗಿ ಬಾಗಿ, ತುದಿ ನೆಲಕ್ಕೆ ತಾಗಿದಲ್ಲಿ ಬೇರು ಬಿಡುತ್ತವೆ. ಪೊದೆ ಹಬ್ಬುವುದು ಹೀಗೆ. ಗೂಸ್‌ಬೆರಿಗೆ ಗಟ್ಟಿ ಮುಳ್ಳುಗಳಿವೆ. ಕರಂಟ್ ಗಿಡಗಳಿಗೆ ಮುಳ್ಳಿಲ್ಲ. ಬ್ಲ್ಯಾಕ್‌ಕರಂಟ್ ಎಲೆಯನ್ನು ಉಜ್ಜಿದರೆ ಗಾಢ ವಾಸನೆ ಬರುತ್ತದೆ, ರೆಡ್‌ಕರಂಟ್‌ನಲ್ಲಿ ಅದು ಇಲ್ಲ.

ಎರಡು ವರ್ಷ ಬದುಕುವ ಕಡ್ಡಿ

ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿಗಳ ಬೇರು ಬಹುವಾರ್ಷಿಕ, ಕಡ್ಡಿ ಮಾತ್ರ ದ್ವೈವಾರ್ಷಿಕ. ಕಡ್ಡಿ ಮೊದಲ ವರ್ಷ ಬೆಳೆಯುತ್ತದೆ, ಎರಡನೆಯ ವರ್ಷ ಹಣ್ಣು ಕೊಟ್ಟು ಸಾಯುತ್ತದೆ. ಆದ್ದರಿಂದ ಕೊಯ್ಲು ಮುಗಿದ ಮೇಲೆ ಹಣ್ಣು ಬಿಟ್ಟ ಕಂದು ಕಡ್ಡಿಗಳನ್ನು ಬುಡಕ್ಕೆ ಕತ್ತರಿಸಬೇಕು. ಹಸಿರಾದ ಹೊಸ ಕಡ್ಡಿಗಳೇ ಮುಂದಿನ ವರ್ಷದ ಫಸಲು. ಅವನ್ನು ಉಳಿಸಿ ತಂತಿಗೆ ಕಟ್ಟಬೇಕು.

ಇದಕ್ಕೊಂದು ಅಪವಾದವಿದೆ. ಶರತ್ಕಾಲದ ರಾಸ್ಪ್‌ಬೆರಿ ತಳಿಗಳು ಆಯಾ ವರ್ಷದ ಹೊಸ ಕಡ್ಡಿಯಲ್ಲೇ ಹಣ್ಣು ಬಿಡುತ್ತವೆ. ಇವನ್ನು ಫೆಬ್ರವರಿಯಲ್ಲಿ ಪೂರ್ತಿಯಾಗಿ ನೆಲಮಟ್ಟಕ್ಕೆ ಕತ್ತರಿಸಬಹುದು. ಬೇಸಿಗೆಯ ತಳಿಗೆ ಹೀಗೆ ಮಾಡಿದರೆ ಗಿಡ ಸಾಯದು, ಆದರೆ ಆ ವರ್ಷ ಹಣ್ಣಿರದು. ತಳಿ ಯಾವುದೆಂದು ತಿಳಿಯದಿದ್ದರೆ ಒಂದು ವರ್ಷ ಕಾದು, ಹಣ್ಣು ಯಾವ ತಿಂಗಳಲ್ಲಿ, ಯಾವ ಕಡ್ಡಿಯಲ್ಲಿ ಬಂತೆಂದು ಬರೆದಿಟ್ಟುಕೊಳ್ಳುವುದೇ ಸರಿ.

ಹಲವು ವರ್ಷ ಬದುಕುವ ಕಾಂಡ

ಬ್ಲ್ಯಾಕ್‌ಕರಂಟ್ ಹಿಂದಿನ ವರ್ಷ ಬೆಳೆದ ಎಳೆಯ ರೆಂಬೆಗಳಲ್ಲಿ ಚೆನ್ನಾಗಿ ಫಲಿಸುತ್ತದೆ. ಪ್ರತಿ ಚಳಿಗಾಲದಲ್ಲಿ ಅತಿ ಹಳೆಯ, ಕಪ್ಪಾದ ಕಾಂಡಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬುಡದಿಂದ ತೆಗೆಯಬೇಕು. ಮೊಗ್ಗುಗಳು ಅಸಹಜವಾಗಿ ಉಬ್ಬಿ ಗುಂಡಗಾಗಿದ್ದರೆ ಅದು ನುಸಿಯ ಬಾಧೆ. ಈ ನುಸಿ ವೈರಸ್ ರೋಗವನ್ನೂ ಹರಡುತ್ತದೆ. ತೀವ್ರವಾಗಿ ಬಾಧಿತವಾದ ಗಿಡವನ್ನು ಕಿತ್ತು ನಾಶಪಡಿಸುವುದೇ ಲೇಸು.

ರೆಡ್‌ಕರಂಟ್ ಮತ್ತು ಗೂಸ್‌ಬೆರಿ ಹಳೆಯ ಕಾಂಡದ ಗಿಡ್ಡ ಕವಲುಗಳಲ್ಲೂ ಹಣ್ಣು ಬಿಡುತ್ತವೆ. ಇವನ್ನು ಬುಡಕ್ಕೆ ಕಡಿಯಬಾರದು. ಎರಡು ಮೂರು ಚಳಿಗಾಲಗಳಲ್ಲಿ ಸ್ವಲ್ಪಸ್ವಲ್ಪವಾಗಿ, ಮೊದಲು ಒಣಗಿದವು, ನಂತರ ಒಂದಕ್ಕೊಂದು ಉಜ್ಜುವವು ಎಂಬಂತೆ ತೆಗೆದು, ಪೊದೆಯ ನಡುಭಾಗವನ್ನು ಬಟ್ಟಲಿನಂತೆ ತೆರೆದಿಡಬೇಕು. ಗಾಳಿ ಬೆಳಕು ಒಳಗೆ ಹೋದರೆ ಬೂದಿರೋಗ ಕಡಿಮೆಯಾಗುತ್ತದೆ.

ಚಳಿಗಾಲವೇ ಏಕೆ?

ಎಲೆ ಉದುರಿದ ಗಿಡ ಸುಪ್ತಾವಸ್ಥೆಯಲ್ಲಿರುತ್ತದೆ. ಆಹಾರದ ದೊಡ್ಡ ಪಾಲು ಬೇರು ಮತ್ತು ಬುಡದಲ್ಲಿ ಸಂಗ್ರಹವಾಗಿರುವುದರಿಂದ ಕತ್ತರಿಸಿದರೂ ನಷ್ಟ ಕಡಿಮೆ. ವಸಂತದಲ್ಲಿ ಆ ಸಂಗ್ರಹದಿಂದಲೇ ಹೊಸ ಚಿಗುರು ಏಳುತ್ತದೆ. ಇನ್ನೊಂದು ಕಾರಣವೂ ಇದೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಪೊದೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಬಳಕೆಯಲ್ಲಿರುವ ಗೂಡನ್ನು ಬೇಕೆಂದೇ ಹಾಳುಮಾಡುವುದು ಅಲ್ಲಿ 1981ರ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯ ಕೊಯ್ಲಿನ ನಂತರ ಕತ್ತರಿಸುವಾಗಲೂ ಮೊದಲು ಪೊದೆಯೊಳಗೆ ಇಣುಕಿ ನೋಡಬೇಕು.

ಈ ತತ್ವ ನಮಗೂ ಹೊಸತಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಸುಮಾರಿಗೆ ಫಲ ಕೊಡುವ ಕಡ್ಡಿ ಬೆಳೆಸಲು, ಅಕ್ಟೋಬರ್ ಸುಮಾರಿಗೆ ಅದರಿಂದ ಹಣ್ಣು ಪಡೆಯಲು, ಹೀಗೆ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ. ಬೆಳೆ ಬೇರೆ, ಹವೆ ಬೇರೆ, ಆದರೆ ಪ್ರಶ್ನೆ ಒಂದೇ: ಹಣ್ಣು ಬರುವುದು ಯಾವ ಕಡ್ಡಿಯಲ್ಲಿ?

ಯೋಚಿಸಿ ಉತ್ತರಿಸಿ

1. ಬೇರು ಬಹುವಾರ್ಷಿಕ, ಕಡ್ಡಿ ದ್ವೈವಾರ್ಷಿಕ ಎಂದರೇನು?
2. ಶರತ್ಕಾಲದ ರಾಸ್ಪ್‌ಬೆರಿಯನ್ನು ಪೂರ್ತಿ ಕತ್ತರಿಸಿದರೂ ಅದೇ ವರ್ಷ ಹಣ್ಣು ಸಿಗುವುದು ಹೇಗೆ?
3. ನಿಮ್ಮ ಮನೆಯ ದಾಸವಾಳ, ಮಲ್ಲಿಗೆ ಅಥವಾ ನುಗ್ಗೆಯಲ್ಲಿ ಹೂ ಬರುವುದು ಹೊಸ ಚಿಗುರಿನಲ್ಲೋ, ಹಳೆಯ ರೆಂಬೆಯಲ್ಲೋ? ಗಮನಿಸಿ ಬರೆಯಿರಿ.