ಕಾಗದದ ಕಿನ್ನರಿಯರು



ಹೋದ ವಾರ ನಮ್ಮ ತರಗತಿಯ ಹುಡುಗನೊಬ್ಬ ತನ್ನ ಅಣ್ಣನ ಫೋಟೋ ತಂದಿದ್ದ. ಅಣ್ಣ ಅಂಗೈ ಮೇಲೆ ದೇವಸ್ಥಾನದ ಗೋಪುರವನ್ನೇ ಎತ್ತಿ ಹಿಡಿದಿದ್ದಾನೆ! "ಏನೋ, ನಿಮ್ಮಣ್ಣ ಹನುಮಂತನೇನೋ?" ಅಂತ ಒಬ್ಬ. "ಹುಷಾರು ಕಣೋ, ಕಳಸ ಬಿದ್ದೀತು" ಅಂತ ಇನ್ನೊಬ್ಬ. ಬಿದ್ದು ಬಿದ್ದು ನಕ್ಕೆವು. ಅಣ್ಣ ಹತ್ತಿರ ನಿಂತಿದ್ದಾನೆ, ಗೋಪುರ ಬಹಳ ದೂರದಲ್ಲಿದೆ, ಅದಕ್ಕೇ ಚಿಕ್ಕದಾಗಿ ಕಾಣುತ್ತದೆ. ಅಷ್ಟೇ ಗುಟ್ಟು. ಆದರೆ ಒಂದನೇ ತರಗತಿಯ ಪುಟ್ಟಿಯೊಬ್ಬಳು "ಭಾರ ಆಗ್ಲಿಲ್ವಾ?" ಎಂದು ಕೇಳಿದಳು. ನಾವು ಇನ್ನೂ ಜೋರಾಗಿ ನಕ್ಕೆವೇ ಹೊರತು, ಯಾರೂ ಅವಳಿಗೆ ನಿಜ ಹೇಳಲಿಲ್ಲ.

ಇಂಥದೇ ಒಂದು ತಮಾಷೆ ಇಂಗ್ಲೆಂಡಿನಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ನಡೆದದ್ದು ಏನು?

ಬ್ರಾಡ್‌ಫರ್ಡ್ ಪಟ್ಟಣದ ಬಳಿ ಕಾಟಿಂಗ್ಲಿ ಎಂಬ ಹಳ್ಳಿ. 1917ರಲ್ಲಿ ಅಲ್ಲಿ ಎಲ್ಸಿ ರೈಟ್ ಮತ್ತು ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಹುಡುಗಿಯರು ಒಂದೇ ಮನೆಯಲ್ಲಿದ್ದರು. ಎಲ್ಸಿಗೆ 16, ಫ್ರಾನ್ಸಿಸ್‌ಗೆ 9. ಅವರ ತಾಯಂದಿರು ಅಕ್ಕತಂಗಿಯರು. ಫ್ರಾನ್ಸಿಸ್ ಹಳ್ಳದಲ್ಲಿ ಆಡಿ ಬಟ್ಟೆ ನೆನೆಸಿಕೊಂಡು ಬಂದು ಬೈಸಿಕೊಳ್ಳುತ್ತಿದ್ದಳು. "ಕಿನ್ನರಿಯರನ್ನು ನೋಡೋಕೆ ಹೋಗಿದ್ದೆ" ಅಂದುಬಿಟ್ಟಳು. ದೊಡ್ಡವರು ನಕ್ಕರು. ಆಗ ಎಲ್ಸಿ ಅಪ್ಪನ ಕ್ಯಾಮರಾ ಕೇಳಿ ಪಡೆದಳು. ಫೋಟೋ ತೊಳೆದಾಗ ಫ್ರಾನ್ಸಿಸ್‌ಳ ಮುಂದೆ ರೆಕ್ಕೆಯ ಪುಟ್ಟ ಕಿನ್ನರಿಯರು ಕುಣಿಯುತ್ತಿದ್ದರು!

ಗುಟ್ಟು ಏನು?

ಎಲ್ಸಿ ಚೆನ್ನಾಗಿ ಚಿತ್ರ ಬರೆಯುತ್ತಿದ್ದಳು. ಮಕ್ಕಳ ಪುಸ್ತಕವೊಂದರ ಚಿತ್ರ ನೋಡಿಕೊಂಡು ಕಿನ್ನರಿಯರನ್ನು ಬರೆದು, ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನಿನಿಂದ ನಿಲ್ಲಿಸಿದ್ದಳು. ಮಗಳ ಕೈಚಳಕ ಗೊತ್ತಿದ್ದ ಅಪ್ಪ ನಂಬಲೇ ಇಲ್ಲ. ಆದರೆ ಫೋಟೋ ಊರು ದಾಟಿತು. ಪರೀಕ್ಷಿಸಿದ ಛಾಯಾಗ್ರಾಹಕರೊಬ್ಬರು ಫೋಟೋ ತಿದ್ದಿದ್ದಲ್ಲ ಅಂದರು. ಅದು ನಿಜವೇ! ಫೋಟೋ ತಿದ್ದಿರಲಿಲ್ಲ. ಎದುರಿಗಿದ್ದ ಕಿನ್ನರಿಯರೇ ಕಾಗದದವರು.

ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಕೂಡ ನಂಬಿದರು. 1920ರ ಡಿಸೆಂಬರಿನಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಲೇಖನ ಬರೆದರು, 1922ರಲ್ಲಿ ಪುಸ್ತಕವನ್ನೇ ತಂದರು. ಇಷ್ಟು ದೊಡ್ಡವರಿಗೆ "ಅದು ಕಾಗದ" ಎಂದು ಹೇಳುವುದು ಹೇಗೆ? ಹುಡುಗಿಯರಿಗೆ ನಾಚಿಕೆಯಾಯಿತು, ಸುಮ್ಮನಾದರು. ಡಾಯ್ಲ್ 1930ರಲ್ಲಿ ತೀರಿಕೊಂಡರು. ಇವರು ನಿಜ ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ! ಆಗಲೂ ಫ್ರಾನ್ಸಿಸ್ ಕೊನೆಯ ಒಂದು ಫೋಟೋ ಮಾತ್ರ ನಿಜ ಎಂದೇ ಹೇಳಿದರು.

ನಾವು ಕಲಿಯುವುದೇನು?

1. ಫೋಟೋ ತಿದ್ದದಿದ್ದರೂ ಮೋಸ ಮಾಡಬಹುದು. ಈಗ ಮೊಬೈಲಿನಲ್ಲಿ ತಿದ್ದುವುದೂ ಸುಲಭ. ಆದ್ದರಿಂದ "ಇದನ್ನು ಹೇಗೆ ತೆಗೆದರು?" ಎಂದು ಕೇಳಬೇಕು.
2. ದೊಡ್ಡವರು ನಂಬಿದರು ಎಂದ ಮಾತ್ರಕ್ಕೆ ನಿಜವಾಗುವುದಿಲ್ಲ.
3. ತಮಾಷೆ ಮಾಡಿದರೆ, ನಂಬಿದವರಿಗೆ ಬೇಗ ನಿಜ ಹೇಳಬೇಕು. ತಡವಾದಷ್ಟೂ ಹೇಳುವುದು ಕಷ್ಟ.

ಮಾರನೇ ದಿನ ಆ ಪುಟ್ಟಿಯನ್ನು ಕರೆದು, ಒಂದು ಕಣ್ಣು ಮುಚ್ಚಿಸಿ, ಅಂಗೈಯನ್ನು ದೂರದ ತೆಂಗಿನಮರದ ಬುಡಕ್ಕೆ ಸರಿಯಾಗಿ ಹಿಡಿಸಿದೆ. ಅವಳಿಗೆ ಗುಟ್ಟು ತಿಳಿಯಿತು, ನಕ್ಕಳು. ಈಗ ಬಂದವರಿಗೆಲ್ಲ ಅವಳೇ ತೋರಿಸುತ್ತಿದ್ದಾಳೆ. ನೀವೂ ಮಾಡಿ ನೋಡಿ!